ದಾನಪ್ಪಣ್ಣ ದಿನಾ ಬರುತ್ತಾರೆ

ನಸುಕಿನಲ್ಲೇ ಮಲ್ಲಿಗೆ ಮೊಗ್ಗಿನ ಚೀಲ ಎತ್ತಿಕೊಂಡು ಮಾರುಕಟ್ಟೆಗೆ ಹೊರಟಿದ್ದ ನನ್ನ ಗಂಡನ ಕೈಯಿಂದ ಚೀಲ ಜಾರಿತು. ಬಲಗೈ. ಬಗ್ಗಿ ಎತ್ತಲು ಹೋದವರು ಹಾಗೇ ಕುಸಿದು ಕೂತರು. ನನ್ನನ್ನು ಕರೆಯಲು ನೋಡಿದರು. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು.

ಹಡಗಲಿಯ ನಮ್ಮ ಓಣಿಯಲ್ಲಿ ಆಟೋ ಇರುವುದು ದಾನಪ್ಪಣ್ಣನವರಿಗೆ. ನಮ್ಮ ಚರ್ಚಿನ ಸಭೆಯ ಹಿರಿಯರೂ ಅವರೇ. ಕೂಗಿದ ತಕ್ಷಣ ಆಟೋ ತಂದು ಬಾಗಿಲಿಗೆ ನಿಲ್ಲಿಸಿದರು. ಒಳಗೆ ಬಂದು ನೋಡಿದರು. ಎಣ್ಣೆ ತರಿಸಿದರು.

"ಅಣ್ಣ, ದವಾಖಾನಿಗೆ ಹೋಗಾನ ನಡೀರಿ," ಅಂದೆ.

"ಮೊದ್ಲು ಪ್ರಾರ್ಥನಿ ಆಗ್ಲಿ ತಂಗಿ. ಸಭಿಯವ್ರು ಬರಾಕತ್ಯಾರ."

ನಮ್ಮಲ್ಲಿ ಯಾರಿಗೆ ಕಾಯಿಲೆಯಾದರೂ ಹಿರಿಯರು ಹಣೆಗೆ ಎಣ್ಣೆ ಹಚ್ಚಿ, ತಲೆ ಮೇಲೆ ಕೈಯಿಟ್ಟು ಪ್ರಾರ್ಥಿಸುವುದು ರೂಢಿ. ಅದನ್ನು ನಾನು ತಪ್ಪೆನ್ನುವುದಿಲ್ಲ. ಆದರೆ ಅವತ್ತು ಒಬ್ಬೊಬ್ಬರೇ ಬಂದರು, ಒಬ್ಬೊಬ್ಬರೂ ಪ್ರಾರ್ಥಿಸಿದರು, ಮೇಲೆ ಹಾಡು ಬೇರೆ. ದಾನಪ್ಪಣ್ಣನವರ ತೋಳು ಹಿಡಿದು ಎಳೆದೆ. "ವಿಶ್ವಾಸ ಇಡವ್ವ" ಅಂದರು. ಬಿಸಿಲು ಅಂಗಳಕ್ಕಿಳಿದಾಗಲೂ ಎಲ್ಲರ ಕಣ್ಣು ಮುಚ್ಚಿಯೇ ಇದ್ದವು.

ಆಟೋ ಬಾಗಿಲಲ್ಲೇ ನಿಂತಿತ್ತು.

ಪ್ರಾರ್ಥನೆ ಮುಗಿದ ಮೇಲೆ ಅದರಲ್ಲೇ ಹೋದೆವು. ತಾಲೂಕು ಆಸ್ಪತ್ರೆಯಿಂದ ಹೊಸಪೇಟೆಗೆ ಕಳಿಸಿದರು. ಸ್ಕ್ಯಾನ್ ನೋಡಿದ ಡಾಕ್ಟರು ಸ್ಟ್ರೋಕ್ ಎಂದರು. "ಇಷ್ಟೊತ್ತು ಎಲ್ಲಿದ್ರಿ? ಬೇಗ ಬಂದಿದ್ರೆ ಇಂಜೆಕ್ಷನ್ ಕೊಟ್ಟು ನೋಡಬಹುದಿತ್ತು. ಈಗ ಟೈಮ್ ಮೀರಿದೆ." ನಾನು ದಾನಪ್ಪಣ್ಣನವರ ಕಡೆ ತಿರುಗಿದೆ. ಅವರು ನೆಲ ನೋಡುತ್ತಿದ್ದರು.

ಬಲಭಾಗಕ್ಕೆ ಶಕ್ತಿ ಬರಲಿಲ್ಲ.

ಮಾತೂ ಬರಲಿಲ್ಲ.

ಮನೆಗೆ ಕಳಿಸುವ ಮುಂಚೆ ಮೂಗಿನ ಟ್ಯೂಬ್ ತೆಗೆದರು, ಮೂತ್ರದ ಕ್ಯಾಥೆಟರ್ ಉಳಿಯಿತು. ಮೊಗ್ಗು ಬಿಡಿಸಲು ತೋಟಕ್ಕೆ ಓಡುತ್ತಿದ್ದ ಹೊತ್ತಿನಲ್ಲಿ ಈಗ ಡೈಪರ್ ಬದಲಿಸುತ್ತೇನೆ. ಸಭೆಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಹಾಡುತ್ತಿದ್ದ ಮನುಷ್ಯ, ಈಗ ನೀರು ಬೇಕೆಂದರೂ ಕಣ್ಣಲ್ಲೇ ಕೇಳಬೇಕು. ಅಳು ಬರುತ್ತದೆ. ಅತ್ತೂ ಇದ್ದೇನೆ, ಯಾರ ಮುಲಾಜೂ ಇಲ್ಲದೆ.

ನಮಗೆ ಮಕ್ಕಳಿಲ್ಲ. ಗಂಡನನ್ನು ಎತ್ತಿ ಕೂರಿಸುವುದು ನನ್ನೊಬ್ಬಳಿಂದ ಆಗದು. ದಿನಾ ಬೆಳಿಗ್ಗೆ ಬಂದು ಎತ್ತುವವರು ಯಾರು? ದಾನಪ್ಪಣ್ಣ. ದೇವರಿಗೂ ತಮಾಷೆ ಬೇಕಲ್ಲ.

ಮೈ ತೊಳೆಸುತ್ತಾರೆ, ಮಲಗಿ ಮಲಗಿ ಆದ ಬೆನ್ನಿನ ಹುಣ್ಣಿಗೆ ಮುಲಾಮು ಹಚ್ಚುತ್ತಾರೆ. ಹೋಗುವ ಮುಂಚೆ ಕರ್ತನ ಪ್ರಾರ್ಥನೆ ಹೇಳುತ್ತಾರೆ. ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದ್ದೇವೆ ಎನ್ನುವ ಸಾಲನ್ನು ನಾನು ಬಿಟ್ಟು ಹೇಳುತ್ತೇನೆ. ಭಾನುವಾರ ಚರ್ಚಿನಲ್ಲಿ ಅವರ ಕೈಯಿಂದ ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳಲಾಗದೆ ಹಿಂದೆಯೇ ಕೂತಿರುತ್ತೇನೆ. ಒಳಗೆ ದ್ವೇಷ ಇಟ್ಟುಕೊಂಡು ಅದನ್ನು ಮುಟ್ಟಬಾರದೆಂದು ಚಿಕ್ಕಂದಿನಿಂದ ಕೇಳಿದವಳು ನಾನು. ಕ್ಷಮಿಸಿಬಿಟ್ಟೆ ಎಂದು ಎಷ್ಟೋ ಬೆಳಿಗ್ಗೆ ಅಂದುಕೊಂಡಿದ್ದೇನೆ. ಮಧ್ಯಾಹ್ನ ಗಂಡ ಏನೋ ಹೇಳಲು ಒದ್ದಾಡಿ, ಆಗದೆ ಗೋಡೆಗೆ ಮುಖ ತಿರುಗಿಸಿದಾಗ ಅದೆಲ್ಲ ಹಾರಿಹೋಗುತ್ತದೆ. ಮರುದಿನ ಮತ್ತೆ ಮೊದಲಿನಿಂದ.

ಮೊನ್ನೆ ಒದ್ದೆ ಬಟ್ಟೆ ಹಿಂಡುತ್ತಾ, ತಲೆ ಎತ್ತದೆ ದಾನಪ್ಪಣ್ಣ ಅಂದರು:

"ಅವತ್ತು ನಾನ ತಡಾ ಮಾಡಿದ್ನಿ ತಂಗಿ. ಕ್ಷಮಿಸು ಅಂತ ಕೇಳಾಕ ನನಗ ಮುಖ ಇಲ್ಲ. ಬರಬ್ಯಾಡ ಅಂತ ಮಾತ್ರ ಅನಬ್ಯಾಡವ್ವ."

ನನ್ನ ಗಂಡ ನನ್ನನ್ನೇ ನೋಡುತ್ತಿದ್ದರು. ಒಲೆಯ ಮೇಲೆ ಚಹಾ ಇತ್ತು. ಇಷ್ಟು ತಿಂಗಳು ಬಂದು ಹೋದ ಮನುಷ್ಯನಿಗೆ ನಾನು ಒಂದು ಲೋಟ ಚಹಾ ಕೊಟ್ಟಿರಲಿಲ್ಲ. ಬಗ್ಗಿಸಿ ಮುಂದಿಟ್ಟೆ.

"ಕುಡೀರಿ ಅಣ್ಣ. ನಾಳಿ ಸ್ವಲ್ಪ ಲಗೂನ ಬರ್ರಿ, ಕಾಸಿದ ನೀರು ಆರಿಬಿಡ್ತಾವ."

ಅವರು ಲೋಟ ಎರಡೂ ಕೈಯಲ್ಲಿ ಹಿಡಿದುಕೊಂಡರು.

ನಾಳೆ ಮತ್ತೆ ಕ್ಷಮಿಸಬೇಕಾಗುತ್ತದೆ. ಇವತ್ತಿನದು ಆಯಿತು. ಅಷ್ಟಕ್ಕೇ ದೇವರಿಗೆ ಸ್ತೋತ್ರ.