ಚಿತ್ರ ನಿಂತರೆ ಕೈ ಇಳಿಸಬಾರದು

ಸೂಜಿ ಚುಚ್ಚಿ ಚುಚ್ಚಿ ಟೈಲರಮ್ಮನ ತೋರುಬೆರಳ ತುದಿ ಚಪ್ಪಲಿಯ ಅಟ್ಟೆಯಷ್ಟು ಗಟ್ಟಿಯಾಗಿತ್ತು. ಆ ಬೆರಳಿನಿಂದ ನನ್ನ ತೋಳಿಗೆ ತಿವಿದರೆ ನೋಯುತ್ತಿತ್ತು. ದಿನಕ್ಕೆ ಹತ್ತು ಸಲ ತಿವಿಯುತ್ತಿದ್ದಳು, ಬಾಯಲ್ಲಿ ಕರೆಯಲು ಬರುತ್ತಿರಲಿಲ್ಲವಲ್ಲ. ಹುಟ್ಟಿನಿಂದಲೇ ಕಿವಿ ಕೇಳಿಸದವಳು. ಬಿನ್ನಿಪೇಟೆಯ ನಮ್ಮ ವಠಾರದಲ್ಲಿ ಅವಳ ಮನೆಗೂ ನನ್ನ ಮನೆಗೂ ಒಂದೇ ಗೋಡೆ.

ಅವಳಿಗೆ ಇದ್ದದ್ದು ಕೆಂಗೇರಿಯ ತಂಗಿಯೊಬ್ಬಳೇ. ತಂಗಿಗೂ ಕಿವಿ ಕೇಳಿಸದು. ಇಬ್ಬರೂ ಫೋನಿನಲ್ಲಿ ಮುಖ ನೋಡಿಕೊಂಡು ಕೈಯಲ್ಲೇ ಮಾತಾಡುತ್ತಿದ್ದರು. ಬರೆದು ಕಳಿಸೋಣವೆಂದರೆ ಅಕ್ಷರ ನನ್ನ ಹಾಗೆಯೇ, ಅಷ್ಟಕ್ಕಷ್ಟೆ. ನೆಟ್ ನಿಧಾನವಾದರೆ ನಮಗೆ ಸೀರಿಯಲ್ ನಿಲ್ಲುತ್ತದೆ. ಅವರಿಗೆ ಮಾತೇ ನಿಲ್ಲುತ್ತಿತ್ತು. ಅದಕ್ಕೆ ಅಕ್ಕತಂಗಿ ಒಂದು ಕಟ್ಟಳೆ ಮಾಡಿಕೊಂಡಿದ್ದರು. ಚಿತ್ರ ನಿಂತರೆ ಕೈ ಇಳಿಸಬಾರದು. ಆಡುತ್ತಿದ್ದ ಮಾತನ್ನು ಹಾಗೆಯೇ ಹಿಡಿದು ನಿಲ್ಲಬೇಕು. ಚಿತ್ರ ಓಡಿದ ಮೇಲೆ ಅಲ್ಲಿಂದ ಮುಂದಕ್ಕೆ. ಎಷ್ಟೋ ಸಲ ಹೊಸ್ತಿಲಲ್ಲಿ ಕೈಯೆತ್ತಿ ಗರುಡಗಂಬದ ಹಾಗೆ ನಿಂತಿರುತ್ತಿದ್ದಳು. ಕೊಡ ಹಿಡಿದವರು ಬೈದುಕೊಂಡು ಸುತ್ತಿ ಹೋಗುತ್ತಿದ್ದರು.

ಅದು ಬಿಟ್ಟರೆ ನಿಂತಲ್ಲಿ ನಿಂತವಳಲ್ಲ. ಒಂದು ರವಿಕೆ ಮುಗಿಯುವುದರೊಳಗೆ ನಾಲ್ಕು ಸಲ ಎದ್ದು ಫೋನಿನ ಸಿಗ್ನಲ್ ಗೀಟು ನೋಡುವಳು, ಒಗೆಯುವ ಕಲ್ಲು ಹತ್ತುವಳು, ಮಹಡಿಗೆ ಓಡುವಳು. ನೋಡುತ್ತಿದ್ದರೆ ನನಗೆ ತಲೆ ತಿರುಗುತ್ತಿತ್ತು. ಎರಡು ಕಂಪನಿಯ ಸಿಮ್ಮು ಹಾಕಿಸಿದ್ದಳು, ಒಂದು ಕೈಕೊಟ್ಟರೆ ಇನ್ನೊಂದಿರಲಿ ಎಂದು. ಎಲ್ಲದಕ್ಕೂ ಎರಡಿರಬೇಕು ಎಂದು ನನಗೂ ಎರಡು ಬೆರಳು ತೋರಿಸಿ ಬುದ್ಧಿ ಹೇಳುವಳು. ಒಮ್ಮೆ ನಾನು, ನನಗೆ ಗಂಡ ಒಬ್ಬನೇ, ಅವನೂ ಸರಿಯಾಗಿ ಸಿಗ್ನಲ್ ಕೊಡದೆ ಹೋದ ಎಂದು ಕೈಯಲ್ಲೇ ಹೇಳಿದೆ. ಅಂಗೈ ಮೇಲಕ್ಕೆತ್ತಿ ಬೆರಳು ಬಿಡಿಸಿದರೆ ಅವರ ಕೈಮಾತಿನಲ್ಲಿ 'ಸತ್ತು ಹೋದರು' ಎಂದು ಅರ್ಥ. ಅವಳೇ ಕಲಿಸಿದ್ದು. ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗು ಮಾತ್ರ ಬೀದಿಗೆಲ್ಲ ಕೇಳಿಸುತ್ತಿತ್ತು.

ಒಮ್ಮೆ ತಂಗಿಗೆ ಕೆಂಗೇರಿಯ ಆಸ್ಪತ್ರೆಯಲ್ಲಿ ಗರ್ಭಕೋಶದ ಆಪರೇಷನ್ ಎಂದು ನಿಗದಿಯಾಗಿತ್ತು. ಅಕ್ಕನ ಜೊತೆ ಮಾತಾಡದೆ ಒಳಗೆ ಹೋಗುವುದಿಲ್ಲ ಎಂದು ಅವಳದು ಹಟ. ಡಾಕ್ಟರು, ಅವಳ ಗಂಡ ಎಲ್ಲ ಅವಳನ್ನು ಕೇಳದೆ ತಮ್ಮತಮ್ಮಲ್ಲೇ ಮಾತಾಡಿ ಮುಗಿಸಿದ್ದರು, ಇನ್ನೇನು ಮಾಡಿಯಾಳು? ನಾಳೆ ಎಂದಿದ್ದದ್ದು ಇವತ್ತೇ ಮಧ್ಯಾಹ್ನವಂತೆ ಎಂದು ಬೆಳಿಗ್ಗೆ ಫೋನಿನಲ್ಲಿ ಹೇಳುತ್ತಿರುವಾಗಲೇ ಚಿತ್ರ ನಿಂತಿತು. ತಂಗಿಯ ಕೈ ಎದೆಯ ಮೇಲೆ ಬಡಿಯುತ್ತ ನಿಂತಿತ್ತು. ಭಯ ಎಂದು. ಆಮೇಲೆ ಅದೂ ಹೋಯಿತು. ಟೈಲರಮ್ಮ ಎರಡನೆಯ ಸಿಮ್ಮಿಗೆ ಹಾಕಿದಳು. ಅದೂ ಸತ್ತಿತ್ತು.

ಸಿಮ್ಮು ಮಾರಿದವನ ಅಂಗಡಿಗೆ ಓಡಿದೆವು.

"ಎರಡೂ ಕಂಪ್ನಿ ಒಂದೇ ಟವರ್‌ಗೆ ನೇತಾಕ್ಕೊಂಡಿವೆ ಅಜ್ಜಿ. ರಾತ್ರಿಯಿಂದ ಕರೆಂಟಿಲ್ಲ, ಟವರ್ ಬ್ಯಾಟ್ರಿ ಖಾಲಿ. ಜನರೇಟರ್‌ಗೆ ಡೀಸೆಲ್ ಬರ್ಬೇಕು" ಎಂದ.

"ಎರಡು ಕೊಡ ಮಾರಿ ಒಂದೇ ನಲ್ಲಿಗೆ ಇಡ್ಸಿದೀಯಲ್ಲೋ."

"ನಾನೇನ್ ಟವರ್ ಕಟ್ಟಿದ್ನಾ? ಬೈಯ್ಯೋದಿದ್ರೆ ಅವ್ರನ್ ಬೈರಿ."

ಬೈಯಲು ಪುರುಸೊತ್ತೆಲ್ಲಿ, ಟೈಲರಮ್ಮ ಆಗಲೇ ಮಾಗಡಿ ರೋಡ್ ಮೆಟ್ರೋ ಕಡೆಗೆ ಅರ್ಧ ದಾರಿ ಹೋಗಿದ್ದಳು. ರೈಲಿನಲ್ಲೂ ಕೂರಲಿಲ್ಲ. ಬಾಗಿಲಿಂದ ಬಾಗಿಲಿಗೆ ಫೋನೆತ್ತಿಕೊಂಡು ನಡೆದಳು. ವಿಜಯನಗರ ದಾಟಿದ ಮೇಲೆ ಗೀಟು ಮೂಡಿತು. ನನ್ನ ತೋಳಿಗೆ ತಿವಿದು ಫೋನನ್ನು ನನ್ನ ಕೈಗಿಟ್ಟಳು. ಅವಳಿಗೆ ಮಾತಾಡಲು ಎರಡೂ ಕೈ ಬೇಕಲ್ಲ. ನಾನು ಅವಳ ಮುಖಕ್ಕೆ ಹಿಡಿದು ನಿಂತೆ.

"ಏನಜ್ಜಿ, ರೀಲ್ಸಾ?" ಎಂದ ಒಬ್ಬ ಹುಡುಗ.

"ಹೂಂ ಕಣೋ, ನಿನ್ ಮದ್ವೇದು. ಸರ್ಕೋ ಆ ಕಡೆ."

ತಂಗಿ ಬೆಳಿಗ್ಗೆ ನಿಂತ ಮಾತಿನಿಂದಲೇ ಶುರು ಮಾಡಿದಳು. ಎದೆಯ ಮೇಲೆ ಬಡಿಯುವ ಕೈ. ಟೈಲರಮ್ಮ ಸೂಜಿ ಎಳೆಯುವ ಹಾಗೆ ಮಾಡಿ ತೋರಿಸಿದಳು: "ಹೊಲಿಗೆ ನಾನೇ ಬಂದು ನೋಡ್ತೀನಿ. ಸೊಟ್ಟಗಿದ್ರೆ ಬಿಚ್ಚಿ ಮತ್ತೆ ಹೊಲಿಸ್ತೀನಿ." ತಂಗಿ ನಗಲು ಬಾಯಿ ತೆರೆದಳು, ಚಿತ್ರ ನಿಂತಿತು. ರೈಲಿನವರೆಲ್ಲ ನೋಡುತ್ತಿದ್ದರೂ ಟೈಲರಮ್ಮ ಇಲ್ಲದ ಸೂಜಿಯನ್ನು ಎತ್ತಿ ಹಿಡಿದೇ ಇದ್ದಳು. ನಾಯಂಡಹಳ್ಳಿ ಬಂತು, ಹೋಯಿತು. ಮತ್ತೆ ಚಿತ್ರ ಓಡಿದಾಗ ತಂಗಿ ಕಣ್ಣೊರೆಸಿಕೊಂಡು, ಹೋಗುತ್ತೇನೆ ಎಂದು ತಲೆಯಾಡಿಸಿದಳು. ನಾವು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಒಳಗೆ ಕರೆದುಕೊಂಡು ಹೋಗಿದ್ದರು. ಚೆನ್ನಾಗಿಯೇ ಹೊರಬಂದಳು. ಹೊಲಿಗೆಯೂ ನೆಟ್ಟಗಿತ್ತಂತೆ.

ಟೈಲರಮ್ಮ ಹೋದದ್ದು ಈ ಬೇಸಿಗೆಯಲ್ಲಿ. ಬೆಳಿಗ್ಗೆ ಕಾಫಿ ಕೊಡಲು ಹೋದರೆ ಮೆಷಿನ್ನಿನ ಮೇಲೆ ತಲೆಯಿಟ್ಟಿದ್ದಳು. ತಿವಿದೆ. ಅವಳು ತಿವಿಯುವ ಹಾಗೆಯೇ, ಜೋರಾಗಿ. ಏಳಲಿಲ್ಲ.

ಇನ್ನೂ ಯಾರನ್ನೂ ಕೂಗಿರಲಿಲ್ಲ, ಅಷ್ಟರಲ್ಲಿ ಫೋನು ಬೆಳಗಿತು. ತಂಗಿ ದಿನಾ ಮಾಡುವ ಹೊತ್ತು ಅದು. ಬಾಗಿಲಿಗೆ ಬಂದು ಎತ್ತಿದೆ. ಅಕ್ಕನ ಮುಖ ಇರಬೇಕಾದ ಜಾಗದಲ್ಲಿ ನನ್ನ ಮುಖ ಕಂಡು ಅವಳ ಹುಬ್ಬು ಮೇಲೆ ಹೋಯಿತು. ಅಕ್ಕ ಎಲ್ಲಿ ಎಂದು ಕೇಳಿದಳು.

ಸುಳ್ಳು ಹೇಳುವಷ್ಟು ಕೈಮಾತು ನನಗೆ ಬರುತ್ತಿರಲಿಲ್ಲ. ಅಂಗೈ ಮೇಲಕ್ಕೆತ್ತಿ ಬೆರಳು ಬಿಡಿಸಿದೆ.

ಚಿತ್ರ ನಿಂತಿತು.

ಅವಳು ನೋಡಿದಳೋ ಇಲ್ಲವೋ ತಿಳಿಯಲಿಲ್ಲ. ಎರಡನೆಯ ಸಿಮ್ಮಿಗೆ ಹಾಕುವುದು ಹೇಗೆಂದು ಕೇಳಿ ಇಟ್ಟುಕೊಂಡಿರಲಿಲ್ಲ. ನೀರು ಹಿಡಿದವರು ಬಂದರು, ನನ್ನನ್ನು ಸುತ್ತಿಕೊಂಡು ಹೋದರು. ಚಿತ್ರ ಓಡುವವರೆಗೂ ನಾನು ಕೈ ಇಳಿಸಲಿಲ್ಲ.