ಇದ್ದತ್ತಿನ ಹೆಸರಲ್ಲಿ ಹೇಳಿದ ಸುಳ್ಳು

ನನ್ನ ಸೊಸೆಗೆ ನಾನು ಒಂದು ಸುಳ್ಳು ಹೇಳಿದೆ. ದೇವರ ಕಟ್ಟಳೆಯನ್ನು ಮುಂದೆ ಮಾಡಿ ಹೇಳಿದೆ. ಆ ಸುಳ್ಳು ನಡೆದುಹೋಗಿದ್ದರೆ ಅವಳು ಈ ದೇಶವನ್ನೂ ಹೆತ್ತ ಮಗಳನ್ನೂ ಬಿಟ್ಟು ಹೋಗಬೇಕಾಗುತ್ತಿತ್ತು — ಹೋಗಲಿ ಎಂದೇ ಹೇಳಿದ್ದೆ. ಮರೆತು ಆದದ್ದಲ್ಲ, ತಿಳಿಯದೆ ಆದದ್ದೂ ಅಲ್ಲ.

ಸಿಂದಗಿಯಲ್ಲಿ ನನ್ನನ್ನು ಬಲ್ಲವರು ಇದನ್ನು ಓದಿದರೆ ನಂಬಲಿಕ್ಕಿಲ್ಲ. ಮದುವೆಮನೆಯಲ್ಲಿ, ಹೆರಿಗೆ ಆದವರನ್ನು ನೋಡಲು ಹೋದಲ್ಲಿ, ಯಾರಾದರೊಬ್ಬರು ಹೇಳೇ ಹೇಳುತ್ತಾರೆ: "ಮಗ ಕೈಬಿಟ್ರೂ ಈಕಿ ಸೊಸೀನ್ನ ಕೈಬಿಡ್ಲಿಲ್ಲ ನೋಡ್ರಿ." ನಾನು ತಲೆ ತಗ್ಗಿಸುತ್ತೇನೆ. ಅವರು ಅದನ್ನು ವಿನಯ ಎಂದುಕೊಳ್ಳುತ್ತಾರೆ. ಆ ಹೊಗಳಿಕೆಯನ್ನು ಇಷ್ಟು ವರ್ಷ ಉಂಡೆ — ಅದಕ್ಕೇ ಇದನ್ನು ಅವರ ಕಣ್ಣಿಗೂ ಬೀಳುವಂತೆ ಬರೆಯುತ್ತಿದ್ದೇನೆ.

ನಾವು ನದಾಫರು. ಹತ್ತಿ ಹಿಂಜಿ ಗಾದಿ ಹೊಲಿಯುವುದು ಮನೆತನದ ಕಸುಬು. ನಮ್ಮ ಯಜಮಾನರದು ಈಗಲೂ ಸಿಂದಗಿಯಲ್ಲಿ ಗಾದಿ ಅಂಗಡಿ. ನನ್ನ ತವರು ಬಸವನ ಬಾಗೇವಾಡಿ. ನಮಗೆ ಒಬ್ಬನೇ ಮಗ, ಇಮ್ತಿಯಾಜ್. ಹೆಣ್ಣು ಮಗು ಬೇಕೆಂದು ಬಹಳ ಬೇಡಿದ್ದೆ, ಆಗಲಿಲ್ಲ. ಮಗ ದುಡಿಯಲು ಕತಾರಿಗೆ ಹೋದ. ಅಲ್ಲಿ ತನ್ನ ಜೊತೆ ಕೆಲಸ ಮಾಡುತ್ತಿದ್ದ ಶ್ರೀಲಂಕಾದ ಹುಡುಗಿ ರಿಜ್ನಾಳನ್ನು ನಿಕಾಹ್ ಮಾಡಿಕೊಂಡು, ಬಸುರಿಯಾದಾಗ ತಂದು ನಮ್ಮ ಮನೆಯಲ್ಲಿ ಬಿಟ್ಟ.

ಅವಳ ಮಾತು ತಮಿಳು, ನಮ್ಮದು ಕನ್ನಡ. ಅತ್ತೆಗೆ ಅವರ ಕಡೆ ಮಾಮಿ ಎನ್ನುತ್ತಾರಂತೆ. ನನಗೂ ಮಾಮಿ ಎಂದಳು. ಬರುವಾಗ ತವರಿನಿಂದ ತೆಂಗಿನಕಾಯಿ ತುರಿಯುವ ಮಣೆಯೊಂದನ್ನು ತಂದಿದ್ದಳು. ನಮ್ಮ ಯಜಮಾನರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಸಿಂದಗ್ಯಾಗ ಇದ್ರಾಗೇನ್ ಜ್ವಾಳ ತುರೀತಿ ಏನವಾ?" ಎಂದಾಗ ಅವಳಿಗೆ ಮಾತು ತಿಳಿಯಲಿಲ್ಲ, ನಗು ತಿಳಿಯಿತು, ತಾನೂ ನಕ್ಕಳು. ಆರು ತಿಂಗಳಲ್ಲಿ ರೊಟ್ಟಿ ಬಡಿಯಲು ಕಲಿತಳು. ಗಾದಿಗೆ ಹೊದಿಸುವ ಖೋಳು ಹೊಲಿಯಲು ಮಾವನ ಹತ್ತಿರ ಕಲಿತಳು. ಆಲಿಯಾ ಸಿಂದಗಿಯಲ್ಲೇ ಹುಟ್ಟಿದಳು.

ರಿಜ್ನಾ ಇಲ್ಲಿರಬೇಕಾದರೆ ವರ್ಷಕ್ಕೊಮ್ಮೆ ವೀಸಾ ಮುಂದುವರಿಸಬೇಕಿತ್ತು. ಅದಕ್ಕೆ ಗಂಡನ ಸಹಿ. ಇಮ್ತಿಯಾಜ್ ರಜೆಗೆ ಬಂದಾಗ ವಿಜಯಪುರದ ಜಿಲ್ಲಾ ಪೊಲೀಸ್ ಕಚೇರಿಗೆ ಇಬ್ಬರೂ ಹೋಗಿ ಬರುತ್ತಿದ್ದರು. ಆ ಸಹಿಯ ಮೇಲೇ ಒಬ್ಬ ಹೆಣ್ಣುಮಗಳು ಇಲ್ಲಿ ನಿಂತಿದ್ದಾಳೆ ಎಂದು ನಾನು ಎಂದೂ ಯೋಚಿಸಿರಲಿಲ್ಲ. ಆಲಿಯಾಳಿಗೆ ಮೂರು ತುಂಬುವ ಹೊತ್ತಿಗೆ ಮಗನ ಮನಸ್ಸು ಬೇರೆ ಕಡೆ ಹೋಯಿತು. ಹಿರಿಯರು ಕೂತು ಮಾತಾಡಿದರು, ಮತ್ತೆ ಕೂತರು, ಹೊಂದಲಿಲ್ಲ. ಇಬ್ಬರೂ ಒಪ್ಪಿಯೇ ತಲಾಖ್ ಆಯಿತು. ಇಮ್ತಿಯಾಜ್ ಮರಳಿ ಕತಾರಿಗೆ ಹೋದ. ರಿಜ್ನಾ ನಮ್ಮ ಮನೆಯಲ್ಲೇ ಇದ್ದತ್ ಕೂತಳು.

ತಿಳಿಯದವರಿಗೆ ಹೇಳುತ್ತೇನೆ — ತಲಾಖ್ ಆದ ಹೆಣ್ಣು ಮೂರು ಮುಟ್ಟು ಕಳೆಯುವವರೆಗೆ ಅದೇ ಮನೆಯಲ್ಲಿ ಇರಬೇಕು, ಸುಮ್ಮಸುಮ್ಮನೆ ಹೊಸ್ತಿಲು ದಾಟಬಾರದು. ಅದೇ ಇದ್ದತ್. ಮನೆಯ ನಡುವಿನ ಕೋಣೆಯನ್ನು ಅವಳಿಗೆ ಬಿಟ್ಟುಕೊಟ್ಟೆ. ಅದಕ್ಕೆ ಬಾಗಿಲಿಲ್ಲ, ಪರದೆ ಮಾತ್ರ.

ಕೆಲ ದಿನಗಳ ಮೇಲೆ ಪೊಲೀಸ್ ಪೇದೆಯೊಬ್ಬ ಬಂದ. ಹಳೆಯ ಪರಿಚಯದವನೇ, ಪ್ರತಿವರ್ಷ ರಿಜ್ನಾ ಇಲ್ಲೇ ಇದ್ದಾಳೋ ಇಲ್ಲವೋ ಎಂದು ವಿಚಾರಿಸಲು ಬರುವವನು. ಯಜಮಾನರು ಅಂಗಡಿಯಲ್ಲಿದ್ದರು. ಬಾಗಿಲಲ್ಲಿ ನಾನೊಬ್ಬಳೇ.

"ತಲಾಖ್ ಆಗೈತಂತಲ್ರಿ. ಹಂಗಿದ್ರ ಮೊದಲ ಕಚೇರ್ಯಾಗ ತಿಳಿಸಬೇಕ್ರಿ. ವೀಸಾ ಮುಗಿಯೋದ್ರೊಳಗ ಆಕೀನ್ನ ವಿಜಯಪುರಕ್ಕ ಕರ್ಕೊಂಡು ಹೋಗ್ರಿ. ಮಗು ಇಲ್ಲಿದ್ದು ಐತಿ, ತಾಯಿಗೆ ಇರಾಕ ಏನರ ದಾರಿ ಮಾಡ್ತಾರ. ತಡ ಆತಂದ್ರ ಮಾತ್ರ ದೇಶ ಬಿಡು ಅಂತಾರ ನೋಡ್ರಿ."

"ಹೌದ್ರಿ, ಹೇಳ್ತೇನ್ರಿ" ಎಂದೆ. ಚಹಾ ಕೊಟ್ಟು ಕಳಿಸಿದೆ.

ಒಳಗೆ ಬಂದಾಗ ರಿಜ್ನಾ ಪರದೆ ಸರಿಸಿ ಕೇಳಿದಳು. "ಏನಂದ್ರು ಮಾಮಿ? ನನ್ನ ವೀಸಾ ತಾರೀಖು ಹತ್ರ ಬಂತಲ್ಲ?"

ಅದಕ್ಕೆ ಮುಂಚಿನ ದಿನವಷ್ಟೇ ಮಗ ಫೋನಿನಲ್ಲಿ ಹೇಳಿದ್ದ: "ವೀಸಾ ಮುಗೀಲಿ ಬಿಡವಾ. ತಾನ ಹೋಗ್ತಾಳ. ಆಲಿಯಾ ನಮ್ಮ ದೇಶದ ಕೂಸು, ನಿನ್ನ ಉಡ್ಯಾಗ ಇರ್ತಾಳ." ನಾನು ಬಯ್ಯಲಿಲ್ಲ. ಛೇ ಎಂದೂ ಅನ್ನಲಿಲ್ಲ. ಉಡ್ಯಾಗ ಇರ್ತಾಳ — ಆ ಮಾತು ಇಡೀ ದಿನ ಬಾಯಲ್ಲಿ ಬೆಲ್ಲದಂತೆ ಕರಗುತ್ತಿತ್ತು. ಆಗಷ್ಟೇ ಆಲಿಯಾ ಮಧ್ಯಾಹ್ನ ಆಯಿ ಆಯಿ ಎನ್ನುತ್ತಾ ನನ್ನ ಪಕ್ಕದಲ್ಲಿ ಮಲಗತೊಡಗಿದ್ದಳು. ನನ್ನ ಕಿವಿಯ ತುದಿ ಹಿಡಿದುಕೊಂಡರೇ ಅವಳಿಗೆ ನಿದ್ದೆ. ತಾಯಿಯನ್ನು ಬಿಟ್ಟು ನನ್ನ ಕಡೆ ಬಂದಿದ್ದಾಳೆ, ಬೇಡಿದ್ದನ್ನು ದೇವರು ತಡವಾಗಿಯಾದರೂ ಕೊಟ್ಟ ಎಂದುಕೊಂಡಿದ್ದೆ. ನಮಾಜ್ ಮುಗಿಸಿ ತಸ್ಬಿ ಹಿಡಿದು ಆ ದಿನದ ಉಪಕಾರಗಳನ್ನು ಒಂದೊಂದು ಮಣಿಗೆ ಒಂದೊಂದರಂತೆ ನೆನೆಯುವುದು ನನ್ನ ರೂಢಿ. ಆ ಪುಟ್ಟ ಬೆರಳುಗಳನ್ನೂ ನೆನೆಯುತ್ತಿದ್ದೆ.

ರಿಜ್ನಾಳಿಗೆ ನಾನು ಹೇಳಿದ್ದು ಇಷ್ಟು: "ಇದ್ದತ್ ಮುಗಿದ ಮ್ಯಾಲ ಬಂದ್ರೂ ನಡೀತೈತಂತ. ನಾ ಕೇಳೇನಿ. ದೇವರ ಕಟ್ಟಳಿ ಮುರಿಯೂದು ಬ್ಯಾಡವಾ."

"ಸರಿ ಮಾಮಿ" ಎಂದು ಪರದೆ ಇಳಿಸಿದಳು.

ಯಜಮಾನರಿಗೂ ಅದನ್ನೇ ಹೇಳಿದೆ. ತಾರೀಖು ಬಂತು, ಹೋಯಿತು. ಆ ದಿನ ನಾನು ಎಂದಿನಂತೆ ಜೋಳ ಹಸನು ಮಾಡಿದೆ, ಐದೂ ಹೊತ್ತು ನಮಾಜ್ ಮಾಡಿದೆ. ಯಾವ ಮುಖದಿಂದ ಮಾಡಿದೆನೋ —

ನಮ್ಮ ಓಣಿಯಲ್ಲಿ ಹೆಣ್ಣುಮಕ್ಕಳಿಗೆ ಕುರಾನ್ ಓದಿಸುವ ಮುದುಕಿಯೊಬ್ಬಳಿದ್ದಾಳೆ, ಮುದ್ದೇಬಿಹಾಳದ ಕಡೆಯವಳು. ಖಾಲಾ ಎಂದೇ ಎಲ್ಲರೂ ಕರೆಯುವುದು. ಒಂದು ದಿನ ರಿಜ್ನಾಳನ್ನು ಮಾತಾಡಿಸಲು ಬಂದವಳು ವೀಸಾದ ಮಾತು ತೆಗೆದಳು. ಇದ್ದತ್ ಮುಗಿಯಲೆಂದು ಕಾಯುತ್ತಿದ್ದೇನೆ ಎಂದು ಇವಳು ಹೇಳಿದ್ದಕ್ಕೆ ಖಾಲಾ ನನ್ನ ಕಡೆ ತಿರುಗಿದಳು.

"ಅಲ್ಲಬೇ, ಇದ್ದತ್ ಅಂದ್ರ ಜೇಲೇನು? ಹಲ್ಲು ಬ್ಯಾನಿ ಆದ್ರ ದವಾಖಾನಿಗೆ ಹೋಗಂಗಿಲ್ಲೇನು? ಅಡಚಣಿ ಇದ್ದಾಗ ಹೋಗಾಕ ಪರವಾನಗಿ ಐತಿ. ಪೊಲೀಸ್ ಕಚೇರಿ ಮ್ಯಾಲ ಅಲ್ಲಾಹಗೇನ್ ಸಿಟ್ಟೈತಿ?"

ನಾನು ಬಾಯಿ ತೆರೆಯುವ ಮೊದಲೇ ರಿಜ್ನಾ ನಡುವೆ ಬಂದಳು. "ಮಾಮಿ ಪೊಲೀಸರಿಗೆ ಕೇಳ್ಯಾರ ಖಾಲಾ. ತಡ ಆದ್ರೂ ನಡೀತೈತಂತ. ಮಾಮಿ ಸುಳ್ಳ ಹೇಳಂಗಿಲ್ಲ."

ಖಾಲಾ ನನ್ನ ಮುಖ ನೋಡಿದಳು. ನಾನು ಎದ್ದು ಒಲೆಯ ಕಡೆ ಹೋದೆ.

ಅಷ್ಟಾದರೂ ನಾನು ಬದಲಾಗಲಿಲ್ಲ. ನಿಜ ಹೇಳಬೇಕೆಂದು ಕೂತ ಮೇಲೆ ಇದನ್ನೂ ಹೇಳಬೇಕು.

ಒಂದು ಮಧ್ಯಾಹ್ನ ಊಟ ಮುಗಿಸಿ ಹಿತ್ತಲಿಂದ ಬರುತ್ತಿದ್ದೆ. ಪರದೆಯ ಆಚೆ ಆಲಿಯಾ ಅಳುತ್ತಿದ್ದಳು, ಅಮ್ಮನ ಹತ್ತಿರವೇ ಮಲಗುತ್ತೇನೆ ಎಂದು. ರಿಜ್ನಾ ಸಣ್ಣ ದನಿಯಲ್ಲಿ ಹೇಳುತ್ತಿದ್ದಳು, "ನನ್ನ ಕಿವಿ ಬ್ಯಾಡ ಕಂದಾ. ಆಯಿ ಬರ್ತಾಳ, ಆಯಿ ಕಿವಿ ಹಿಡ್ಕೊ. ಆಯಿ ಕಿವ್ಯಾಗೂ ಚಂದ ನಿದ್ದಿ ಬರ್ತೈತಿ ನೋಡು." ಮಗು ಕೈ ಚಾಚಿದಷ್ಟೂ ಅವಳು ತನ್ನ ತಲೆಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದಳು.

ಪರದೆ ಸರಿಸಿ ಕೇಳಿದೆ, "ಇದ್ಯಾಕವಾ ಹಿಂಗ ಮಾಡ್ತಿ?"

ಅವಳು ಕಣ್ಣು ಒರೆಸಿಕೊಳ್ಳಲೂ ಇಲ್ಲ. "ತಲಾಖ್ ಆದಾಗಿಂದ ಅದ ಅಂಜಿಕಿ ಮಾಮಿ. ನಾಳೆ ಕಚೇರಿಯವ್ರು ನನ್ನ ಕಳಿಸಿಬಿಟ್ರ, ನಿದ್ದಿಗೆ ಆಕಿ ಅಳಬಾರ್ದು. ಅದಕ್ಕ ಮೊದಲಿಂದ ರೂಢಿ ಮಾಡಾಕತ್ತೇನಿ."

ನಾನು ಅಲ್ಲೇ ಕೂತುಬಿಟ್ಟೆ. ದೇವರು ಕೊಟ್ಟ ಎಂದು ತಸ್ಬಿಯಲ್ಲಿ ನೆನೆಯುತ್ತಿದ್ದ ಆ ಬೆರಳುಗಳು — ಒಬ್ಬ ತಾಯಿ ತನ್ನ ಕಿವಿಯಿಂದ ಬಿಡಿಸಿ ನನ್ನ ಕಿವಿಗೆ ಹಚ್ಚುತ್ತಿದ್ದ ಬೆರಳುಗಳು. ನಾನು ಕದಿಯಬೇಕೆಂದಿದ್ದುದನ್ನು ಅವಳು ತಾನೇ ಅಳುತ್ತಾ ನನ್ನ ಕೈಗೆ ಕೊಡುತ್ತಿದ್ದಳು.

ಮರುದಿನ ಬೆಳಿಗ್ಗೆ, ಖಾಲಾ ಹೇಳಿದ್ದೇ ಸರಿ, ವಿಜಯಪುರಕ್ಕೆ ಹೋಗೋಣ, ಬುರ್ಖಾ ತೊಟ್ಟುಕೊಳ್ಳವಾ ಎಂದೆ. ನಮ್ಮ ಯಜಮಾನರು ಅಂಗಡಿ ಮುಚ್ಚಿ ಜೊತೆಗೆ ಬಂದರು. ಕಚೇರಿಯ ಅಧಿಕಾರಿ ಪಾಸ್‌ಪೋರ್ಟ್ ನೋಡಿ ಬೈದದ್ದು ರಿಜ್ನಾಳನ್ನೇ. "ಓದಿದೋರು ಇದ್ದೀರಿ, ತಾರೀಖು ಕಾಣ್ಲಿಲ್ಲೇನ್ರಿ?" ನಾನು ತಪ್ಪಾಗಿ ಕೇಳಿಸಿಕೊಂಡಿರಬೇಕು ಎಂದುಕೊಂಡಳೋ ಏನೋ, ನನ್ನನ್ನು ಬಿಟ್ಟುಕೊಡದೆ ಬೈಗುಳವನ್ನು ತಾನೇ ತೆಗೆದುಕೊಂಡಳು. ನಾನು ಮುಂದೆ ಹೋಗಿ, "ಇದ್ದತ್ ಇತ್ರಿ ಸಾಹೇಬ್ರ. ನಮಗ ತಿಳೀಲಿಲ್ರಿ" ಎಂದೆ. ತಿಳೀಲಿಲ್ರಿ — ನನ್ನ ಎರಡನೆಯ ಸುಳ್ಳು.

ದಂಡ ಕಟ್ಟಿದೆವು. ತಡವಾದದ್ದಕ್ಕೆ ಕಾರಣ ಬರೆದುಕೊಟ್ಟೆವು, ಅದರಲ್ಲೂ ಅದೇ ಸುಳ್ಳು. ಇವಳಿಗೆ ನಾನು ಜವಾಬ್ದಾರಳು ಎಂದು ಸಹಿ ಮಾಡಿದೆ. ಮೇಲಿನವರ ಒಪ್ಪಿಗೆ ಬರಲು ತಿಂಗಳುಗಳೇ ಹಿಡಿದವು. ಬಾಗಿಲು ಬಡಿದಾಗಲೆಲ್ಲ ರಿಜ್ನಾ ಮಗುವನ್ನು ಎತ್ತಿಕೊಂಡು ನಿಲ್ಲುತ್ತಿದ್ದಳು. ನಡುವೆ ವಿಚಾರಣೆಗೆಂದು ಅದೇ ಪೇದೆ ಬಂದ. "ಅವತ್ತ ನಿಮಗ ಹೇಳಿ ಹೋಗಿದ್ನಲ್ರಿ?" ಎಂದು ಮೆಲ್ಲಗೆ ಕೇಳಿದ. ನಾನು ನೆಲ ನೋಡಿದೆ. ಅವನು, ರಿಜ್ನಾ ಇಲ್ಲೇ ಇದ್ದಾಳೆ ಎಂದು ಬರೆದುಕೊಂಡು, ಈ ಸಲ ಚಹಾ ಬೇಡವೆಂದು ಹೋದ.

ಕೊನೆಗೆ ಒಪ್ಪಿಗೆ ಬಂತು. ರಿಜ್ನಾ ನನ್ನ ಕೈಗಳನ್ನು ಹಿಡಿದು ಕಣ್ಣಿಗೆ ಒತ್ತಿಕೊಂಡಳು. "ನೀವಿಲ್ಲಂದ್ರ ನಾ ಏನಾಗ್ತಿದ್ದೆ ಮಾಮಿ?"

ಆಗ ಹೇಳಬಹುದಿತ್ತು. ಹೇಳದೆ ಅವಳ ತಲೆ ಸವರಿದೆ. ಮೊದಲನೆಯ ಸುಳ್ಳಿಗಿಂತ ಆ ಸವರಿದ್ದೇ ದೊಡ್ಡ ತಪ್ಪು ಎಂದು ಈಗ ಅನಿಸುತ್ತದೆ.

ಆಮೇಲೆ ಅವಳು ಖೋಳುಗಳನ್ನು ಬಿಟ್ಟು ರವಿಕೆ ಹೊಲಿಯಲು ಕಲಿತಳು. ಕೆಲಸ ಮಾಡಲೂ ಪರವಾನಗಿ ಸಿಕ್ಕಿತು. ಈಗ ಇಂಡಿ ಪಟ್ಟಣದಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದಾಳೆ. ಆಲಿಯಾ ಅಲ್ಲೇ ಶಾಲೆಗೆ ಹೋಗುತ್ತಾಳೆ. ಹಬ್ಬಕ್ಕೆ ಬೆಲ್ಲ, ತೆಂಗಿನ ಹಾಲು, ಮೊಟ್ಟೆ ಹಾಕಿ ತನ್ನ ಊರಿನ ಸಿಹಿ ಮಾಡಿ ನಮಗೆ ಕಳಿಸುತ್ತಾಳೆ. ಪ್ರತಿವರ್ಷವೂ ಅವಳ ಅರ್ಜಿಗೆ ನನ್ನ ಸಹಿ ಬೀಳುತ್ತಿತ್ತು. ಆ ಸಹಿಯೇ ನನ್ನ ಬಾಯಿ ಕಟ್ಟಿತ್ತು ಎನ್ನಲೇ? ಪೂರ್ತಿ ನಿಜವಲ್ಲ, ಅಂಜಿಕೆಯೂ ಇತ್ತು. ಆದರೆ ಇದೂ ಇತ್ತು — ಅವಳು ಇಲ್ಲಿರುವುದು ನನ್ನ ಸಹಿಯ ಮೇಲೆ ಇರುವಾಗ ನಾನು ತಪ್ಪೊಪ್ಪಿಕೊಂಡರೆ, ಅವಳು ಸಿಟ್ಟಾಗುವುದಾದರೂ ಹೇಗೆ? ಮನಸ್ಸಿಲ್ಲದಿದ್ದರೂ ಕ್ಷಮಿಸಲೇಬೇಕಾಗುತ್ತಿತ್ತು.

ಈ ವರ್ಷ ಸಹಿಗೆ ನಾನು ಬೇಕಾಗಲಿಲ್ಲ. ಮನೆಯ ಕರಾರು ಅವಳ ಹೆಸರಲ್ಲಿದೆ, ಮನೆ ಮಾಲೀಕಳೇ ಬಂದು ಸಹಿ ಹಾಕಿದಳಂತೆ. ಫೋನಿನಲ್ಲಿ ಅದನ್ನು ಕೇಳಿದಾಗ ಇನ್ನು ಹೇಳಬಹುದು ಎನಿಸಿತು. ಯಜಮಾನರಿಗೆ ಅವತ್ತೇ ಎಲ್ಲವನ್ನೂ ಹೇಳಿದೆ. ಕೈಯಲ್ಲಿದ್ದ ಹತ್ತಿಯನ್ನು ಪೂರ್ತಿ ಬಿಡಿಸಿದರು. ಆಮೇಲೆ, "ಹೇಳಿ ನೀ ಹಗುರಾಗ್ತಿ. ಆಕಿ ಹೊತ್ಕೊಂಡು ತಿರುಗಬೇಕಾಗ್ತೈತಿ" ಎಂದರು.

"ಆಕಿದು ಆಕಿಗೆ ಗೊತ್ತಿರ್ಲಿ. ಒಗೀತಾಳೋ ಇಟ್ಕೋತಾಳೋ" ಎಂದೆ. ಅವರು ತಡೆಯಲಿಲ್ಲ.

ಹೋದ ವಾರ ಇಂಡಿಗೆ ಹೋದೆ, ಆಲಿಯಾ ಶಾಲೆಯಲ್ಲಿರುವ ಹೊತ್ತು ನೋಡಿ. ರಿಜ್ನಾ ಯಾರದೋ ಮದುವೆಯ ರವಿಕೆ ಹೊಲಿಯುತ್ತಿದ್ದಳು. ನೀರು ಕೊಟ್ಟಳು. ಕುಡಿಯುವ ಮೊದಲೇ ಹೇಳಿದೆ. ಪೇದೆ ಹೇಳಿದ್ದು, ನಾನು ಹೇಳಿದ್ದು, ಯಾಕೆ ಹೇಳಿದ್ದು. ಉಡಿಯ ಮಾತನ್ನೂ ಬಿಡಲಿಲ್ಲ.

ಮಷಿನಿನ ಗಾಲಿಯ ಮೇಲೆ ಅವಳ ಕೈ ನಿಂತೇ ಇತ್ತು. ಕೇಳಿದಳು, "ಅವತ್ತ ಖಾಲಾಗ ನಾ ಏನಂದೆ, ನೆನಪೈತೇನ್ರಿ?"

"ಐತವಾ."

ರವಿಕೆಯನ್ನು ಮಡಚಿ ಬದಿಗಿಟ್ಟಳು. ಬಿಚ್ಚಿ ಮತ್ತೆ ಮಡಚಿದಳು. "ಇವತ್ತ ಹೋಗ್ರಿ ಮಾಮಿ. ಆಲಿಯಾ ಬರೋದ್ರಾಗ ಹೋಗ್ರಿ. ನಾನಾಗೇ ಕರಿಯೋ ತನಕ ಬರಬ್ಯಾಡ್ರಿ."

ಎದ್ದೆ. ಕ್ಷಮಿಸು ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅದೂ ಒಂದು ಬೇಡಿಕೆಯೇ ಅಲ್ಲವೇ ಎನಿಸಿ ನುಂಗಿಕೊಂಡೆ. ಹೊರಗೆ ಕಾಲಿಟ್ಟು ಚಪ್ಪಲಿ ಮೆಟ್ಟುವಾಗ ಹಿಂದೆ ಬಾಗಿಲು ಮುಚ್ಚಿತು. ಒಳಗಿನ ಚಿಲಕ ಬಿದ್ದ ಸದ್ದು ಕೇಳಿತು.

ನಮ್ಮ ಮನೆಯಲ್ಲಿ ಅವಳಿಗೆ ಇದ್ದದ್ದು ಒಂದು ಪರದೆ. ಯಾರು ಬೇಕಾದರೂ ಸರಿಸಬಹುದಾಗಿತ್ತು, ನಾನೂ ಸರಿಸಿದ್ದೆ. ಈಗ ಅವಳಿಗೆ ಬಾಗಿಲಿದೆ. ಅತ್ತೆಯನ್ನು ಹೊರಗಿಟ್ಟು ಚಿಲಕ ಹಾಕಿಕೊಂಡರೂ ಅವಳನ್ನು ಈ ನೆಲದಿಂದ ಯಾರೂ ಏಳಿಸುವಂತಿಲ್ಲ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ತಸ್ಬಿ ತೆಗೆದೆ. ಇಷ್ಟು ವರ್ಷ ಆಲಿಯಾಳನ್ನು ನೆನೆಯುತ್ತಿದ್ದ ಮಣಿಯ ಹತ್ತಿರ ಬಂದಾಗ ಬೆರಳು ತಡವರಿಸುತ್ತಿತ್ತು. ಅವತ್ತು ಆ ಮಣಿಗೆ ಚಿಲಕದ ಸದ್ದನ್ನು ನೆನೆದೆ. ಅವಳು ಕರೆಯುತ್ತಾಳೋ ಇಲ್ಲವೋ ಗೊತ್ತಿಲ್ಲ. ಕರೆಯುವ ತನಕ ಇಂಡಿಯ ಬಸ್ಸು ಹತ್ತುವುದಿಲ್ಲ. ಇನ್ನು ಯಾರಾದರೂ ಸೊಸೆಯ ಕೈಬಿಡಲಿಲ್ಲ ಎಂದು ನನ್ನನ್ನು ಹೊಗಳಿದರೆ ತಲೆ ತಗ್ಗಿಸುವುದಿಲ್ಲ. ಕೂಡ್ರಿಸಿಕೊಂಡು, ಮೇಲೆ ಬರೆದಷ್ಟನ್ನೂ ಹೇಳುತ್ತೇನೆ.