ಹುಗ್ಗಿ ತಳ ಬಿಡುವ ಹೊತ್ತು

ರೂಪಶ್ರೀಗೆ ಹೊನ್ನಾಳಿ ಬಸ್ ನಿಲ್ದಾಣದ ಎದುರು ಒಂದು ಸ್ಟುಡಿಯೋ ಇದೆ. ಹನ್ನೆರಡು ವರ್ಷದಿಂದ ಮದುವೆ ಫೋಟೋ ತೆಗೆಯುತ್ತಿದ್ದಾಳೆ. ಒಂದು ದಿನ ಆಲ್ಬಮ್ ಜೋಡಿಸುತ್ತಾ ಕುಳಿತಾಗ ಅವಳಿಗೊಂದು ವಿಷಯ ಹೊಳೆಯಿತು. ಅಕ್ಕಿಕಾಳು ಹಾಕಿದವರು, ಉಡುಗೊರೆ ಕೊಟ್ಟವರು, ಊಟಕ್ಕೆ ಕುಳಿತವರು, ಕೊನೆಗೆ ಎಲೆಯ ಮೇಲಿನ ಹಪ್ಪಳ ಕೂಡ ಆಲ್ಬಮ್ಮಿನಲ್ಲಿತ್ತು. ಅಡುಗೆ ಮಾಡಿದವರು ಮಾತ್ರ ಒಬ್ಬರೂ ಇರಲಿಲ್ಲ.

ಅಂದಿನಿಂದ ಎಲ್ಲೇ ಮದುವೆಗೆ ಹೋದರೂ ಮೊದಲು ಅಡುಗೆ ಚಪ್ಪರಕ್ಕೆ ಹೋಗತೊಡಗಿದಳು; ದಾರಿಯಲ್ಲಿ ಕಂಡ ಒಲೆಗಳನ್ನೂ ಬಿಡಲಿಲ್ಲ. ಸೂಳೆಕೆರೆಯ ದಂಡೆಯಲ್ಲಿ ಮೀನು ಹುರಿಯುವ ಹೆಂಗಸು, ಜಗಳೂರಿನಲ್ಲಿ ಕಣ್ಣುಮುಚ್ಚಿ ರೊಟ್ಟಿ ಬಡಿಯುವ ಅಜ್ಜಿ, ಹೀಗೆ ಹತ್ತೊಂಬತ್ತು ಫೋಟೋ ಆದವು. ಬಿ.ಎಸ್ಸಿ. ಓದುವಾಗಿನ ಪ್ರಯೋಗಾಲಯದ ಅಭ್ಯಾಸ ಹೋಗಿರಲಿಲ್ಲ. ಪ್ರತಿ ಫೋಟೋದ ಹಿಂದೆ ಒಲೆಯಿಂದ ನಿಂತ ದೂರ, ಬೆಳಕು, ಹೊತ್ತು ಬರೆದಿಡುತ್ತಿದ್ದಳು. ಇಪ್ಪತ್ತಾದರೆ ಗ್ರಂಥಾಲಯದ ಗೋಡೆಯ ಮೇಲೆ ಪ್ರದರ್ಶನ. ಆ ಇಪ್ಪತ್ತನೆಯದು ಮದುವೆ ಅಡುಗೆಗೆ ಹೆಸರಾದ ನ್ಯಾಮತಿಯ ಬೈಲಪ್ಪನವರ ಗೋಧಿ ಹುಗ್ಗಿಯದೇ ಆಗಬೇಕು ಎಂದು ಮೊದಲೇ ನಿಶ್ಚಯಿಸಿದ್ದಳು. ಅದನ್ನು ಕೆಡಿಸಿದ್ದೂ ಅವಳೇ.

ಅದು ನಡೆದದ್ದು ಕೆರೆಬಿಳಚಿಯ ಒಂದು ಮದುವೆಯಲ್ಲಿ. ಕೊಪ್ಪರಿಗೆಗೆ ಬೆಲ್ಲ ಬಿದ್ದಾಗಿತ್ತು. ಬೈಲಪ್ಪ ಮಾರುದ್ದದ ಮರದ ಸೌಟು ಹಿಡಿದು ತಿರುವುತ್ತಿದ್ದರು. ಹನ್ನೆರಡು ವರ್ಷ ವಧೂವರರಿಗೆ ಹೇಳಿ ಹೇಳಿ ರೂಢಿಯಾದ ಮಾತು ರೂಪಶ್ರೀಯ ಬಾಯಿಂದ ಬಂದೇಬಿಟ್ಟಿತು: "ಯಜಮಾನ್ರೇ, ಒಂದು ನಿಮಿಷ, ಹಂಗೇ ಇರ್ರಿ!"

ನಲವತ್ತು ವರ್ಷದಲ್ಲಿ ಯಾರೂ ಅವರನ್ನು ಫೋಟೋಕ್ಕೆ ನಿಲ್ಲಿಸಿರಲಿಲ್ಲ. ಬೈಲಪ್ಪ ಕೈ ನಿಲ್ಲಿಸಿ, ಹೆಗಲ ಟವೆಲ್ ಸರಿ ಮಾಡಿಕೊಂಡು ನೆಟ್ಟಗೆ ನಿಂತರು. ಅವಳು ಮೂರು ಫೋಟೋ ತೆಗೆದಳು. ಅಷ್ಟರಲ್ಲಿ ಹುಗ್ಗಿ ತಳ ಹಿಡಿಯಿತು. ಸೀದ ವಾಸನೆ ಚಪ್ಪರ ದಾಟಿ ಬೀಗರ ಮೂಗಿನವರೆಗೂ ಹೋಯಿತು.

ಮರುದಿನವೇ ರೂಪಶ್ರೀ ನ್ಯಾಮತಿಗೆ ಹೋದಳು. ಬೈಲಪ್ಪ ಜಗುಲಿಯಿಂದ ಏಳಲಿಲ್ಲ.

"ಹಂಗೇ ಇರ್ರಿ ಅಂದ್ರೆ ನಾನು ಇರ್ತೀನವ್ವ. ಬೆಂಕಿ ಇರ್ತೈತೇನು?"

"ತಪ್ಪಾತು, ಯಜಮಾನ್ರೇ."

"ನಿಂದೊಂದೇ ಅಲ್ಲ. ಈ ವಯಸ್ಸಿನಾಗೆ ನನಗೂ ಫೋಟೋ ಚಪಲ." ಅವರು ಬಲಭುಜ ಒತ್ತಿಕೊಂಡರು. "ಬಿಳಿಚೋಡಿನ ಮದುವೆ ತನಕ ಅಡುಗೆ ಒಪ್ಪಿಕೊಂಡೀನಿ. ಅದಾದ್ಮ್ಯಾಲೆ ಸೌಟು ಪುಷ್ಪಾವತಿ ಕೈಗೆ. ಕ್ಯಾಮೆರಾ ಹಿಡ್ಕಂಡು ನನ್ನ ಒಲೆ ಹತ್ರ ಬರಬ್ಯಾಡ."

ಬಿಳಿಚೋಡಿನ ಮದುವೆಗೆ ಏಳು ವಾರವಿತ್ತು. ರೂಪಶ್ರೀ ಅಲ್ಲೇ ಲೆಕ್ಕ ಹಾಕಿದಳು.

"ಕ್ಯಾಮೆರಾ ತರಲ್ಲ. ತಿರುವಾಕೆ ಕಲಿಸ್ರಿ."

ಒಳಗಿದ್ದ ಮಗಳು ಪುಷ್ಪಾವತಿ ನಕ್ಕಳು. "ಅಕ್ಕಾ, ಆ ಸೌಟು ನಿಮಗಿಂತ ಉದ್ದ ಐತೆ!"

ಉದ್ದವೇ ಇತ್ತು. ಮೊದಲ ಸಲ ಹತ್ತು ಸುತ್ತಿಗೇ ಅಂಗೈಯಲ್ಲಿ ಬೊಕ್ಕೆ ಎದ್ದವು. ಫೋಟೋ ಆರ್ಡರ್ ಇಲ್ಲದ ದಿನಗಳಲ್ಲೆಲ್ಲ ಅವರ ಜೊತೆ ಅಡುಗೆಗೆ ಹೋದಳು. ನಾಲ್ಕನೆಯ ಅಡುಗೆಯ ಹೊತ್ತಿಗೆ ಕೈಗೆ ತಿಳಿಯತೊಡಗಿತು. ಬೆಲ್ಲ ಹಾಕಿದಾಗ ಹುಗ್ಗಿ ತೆಳುವಾಗುತ್ತದೆ, ಸಣ್ಣ ಗುಳ್ಳೆ ಬರುತ್ತವೆ. ಆಮೇಲೆ ದೊಡ್ಡ ಗುಳ್ಳೆ ಎದ್ದು ಮೊಣಕೈವರೆಗೂ ಸಿಡಿಯುತ್ತದೆ. ಕೊನೆಗೆ ಸೌಟು ಎಳೆದ ದಾರಿ ಮುಚ್ಚಿಕೊಳ್ಳದೆ, ಕೊಪ್ಪರಿಗೆಯ ತಳ ಅರೆಗಳಿಗೆ ಹೊಳೆಯುತ್ತದೆ. ಅದೇ ಹದ. ಅಷ್ಟು ಸಣ್ಣ ಹೊತ್ತನ್ನು ಗುರುತಿಸಲು ಈ ಮನುಷ್ಯ ನಲವತ್ತು ವರ್ಷ ಹೊಗೆಯಲ್ಲಿ ನಿಂತಿದ್ದಾರೆ ಎನ್ನುವುದು ಅವಳಿಗೆ ಬೊಕ್ಕೆ ಒಡೆದಾಗ ಅರ್ಥವಾಯಿತು.

ಇನ್ನೊಂದನ್ನೂ ಕಂಡುಕೊಂಡಳು. ಬೈಲಪ್ಪನವರ ಸೌಟು ಒಂದು ಸುತ್ತು ಬರಲು ಸುಮಾರು ಮೂರು ಸೆಕೆಂಡು. ಆಚೆ ಅಂಚು ಮುಟ್ಟಿ ಈಚೆ ತಿರುಗುವಲ್ಲಿ ಅವರ ಕೈ ತಾನಾಗಿಯೇ ಒಂದು ಕ್ಷಣ ನಿಲ್ಲುತ್ತಿತ್ತು. ಯಾರೂ ನಿಲ್ಲಿಸಬೇಕಾಗಿಯೇ ಇರಲಿಲ್ಲ.

ಬಿಳಿಚೋಡಿನಲ್ಲಿ ಬೆಳಗಿನ ಎಂಟಕ್ಕೆ ಒಲೆ ಹೊತ್ತಿತು. ಗೋಧಿ ಅರಳುವವರೆಗೂ ಅವಳೂ ತಿರುವಿದಳು. ಬೆಲ್ಲದ ಬುಟ್ಟಿ ಬಂದಾಗ ಬೈಲಪ್ಪ ಸೌಟು ಇಸಿದುಕೊಂಡರು.

"ಎಲ್ಲಿ ನಿನ್ನ ಕ್ಯಾಮೆರಾ?"

"ತರಲ್ಲ ಅಂದಿದ್ನಲ್ರೀ. ಸ್ಕೂಟರಿನಾಗೆ ಐತೆ."

"ತಗಂಬಾ. ಬಾಯಿ ಮಾತ್ರ ಬಿಡಬ್ಯಾಡ."

ಅವಳು ಓಡಿದಳು. ಆವಿಗೆ ಲೆನ್ಸ್ ಮಂಜಾಗದಿರಲೆಂದು ಕ್ಯಾಮೆರಾವನ್ನು ಒಲೆಯಿಂದ ನಾಲ್ಕಡಿ ದೂರದ ಬೆಂಚಿನ ಮೇಲೆ ಇಟ್ಟು ಬೆಚ್ಚಗಾಗಲು ಬಿಟ್ಟಳು. ಗುಳ್ಳೆ ಸಿಡಿಯತೊಡಗಿದಾಗ ಎತ್ತಿಕೊಂಡಳು. ಒಂದು, ಎರಡು, ಮೂರು. ಕೈ ಆಚೆ ಅಂಚಿಗೆ ಹೋಗಿ ನಿಂತಿತು. ಕ್ಲಿಕ್. ಮತ್ತೆ ಮೂರು, ಮತ್ತೆ ಕ್ಲಿಕ್. ತುಟಿ ಕಚ್ಚಿ ಹಿಡಿದಿದ್ದಳು.

ಕೊಪ್ಪರಿಗೆ ಇಳಿಸಿದ ಮೇಲೆ ಬೈಲಪ್ಪ ಬೆವರೊರೆಸಿಕೊಂಡು ಕೇಳಿದರು, "ಯಾವಾಗ ತೆಗೀತೀಯವ್ವ?"

"ತೆಗೆದಾತು, ಯಜಮಾನ್ರೇ."

ಅವಳು ತನಗೆ ಮೆಚ್ಚಿಗೆಯಾದುದನ್ನು ಮೊದಲು ತೋರಿಸಿದಳು. ಬಿಸಿಲ ಕೋಲು ಮುಖದ ಮೇಲೆ ಬಿದ್ದು, ಹುಬ್ಬಿನ ಬೆವರೂ ಸ್ಪಷ್ಟವಾಗಿತ್ತು. ಬೈಲಪ್ಪ ಮುಖ ನೋಡಲೇ ಇಲ್ಲ; ಬೆರಳು ಕೊಪ್ಪರಿಗೆಯ ಮೇಲಿತ್ತು.

"ಇದು ಬ್ಯಾಡ. ಇನ್ನೂ ಆಗಿಲ್ಲ ಹುಗ್ಗಿ. ಗುಳ್ಳೆ ನೋಡು." ಮುಂದಿನದಕ್ಕೂ ತಲೆಯಾಡಿಸಿದರು. ಏಳನೆಯದಕ್ಕೆ ಬೆರಳು ನಿಂತಿತು. ಸೌಟಿನ ಹಿಂದೆ ತಾಮ್ರದ ತಳ ಹೊಳೆಯುತ್ತಿತ್ತು. "ಹಾಂ, ಇದು ಆಗೈತೆ."

"ಅಪ್ಪಾ, ಇದ್ರಾಗೆ ಆವಿಗೆ ನಿನ್ನ ಮುಖಾನೇ ಕಾಣಲ್ಲ," ಎಂದಳು ಪುಷ್ಪಾವತಿ.

"ನನ್ನ ಮುಖ ಯಾರು ತಿಂತಾರೆ?"

ಗ್ರಂಥಾಲಯದ ಗೋಡೆಗೆ ಹೋದದ್ದು ಆ ಏಳನೆಯದೇ. ಅದರ ಹಿಂದೆ ರೂಪಶ್ರೀ ಎಂದಿನಂತೆ ಬರೆದಳು: ದೂರ ನಾಲ್ಕಡಿ, ಬೆಳಕು ಪೂರ್ವದಿಂದ, ಹೊತ್ತು ಹತ್ತು ಇಪ್ಪತ್ತು. ಕೆಳಗೆ, ಮೊದಲ ಸಲ, ಇನ್ನೊಂದು ಸಾಲು ಸೇರಿಸಿದಳು: ಆರಿಸಿದವರು ಬೈಲಪ್ಪ.